ನಟಿಗೆ ತಿಳಿಸದೆ ಉಳಿಸಿಕೊಂಡ ಮಾತು

ಪ್ರಶ್ನೆ: ಇಟಲಿಯ ಬರ್ನಾರ್ಡೊ ಬೆರ್ತೊಲುಚಿ ನಿರ್ದೇಶಿಸಿದ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’ ಚಿತ್ರವನ್ನು ನಮ್ಮ ತಲೆಮಾರಿನವರು ಶೃಂಗಾರ ಚಿತ್ರಗಳಲ್ಲಿ ಮೇರುಕೃತಿಯೆಂದು ಹೊಗಳುತ್ತಿದ್ದೆವು. ವಕೀಲೆಯಾಗಿರುವ ನನ್ನ ಮಗಳು ಅದನ್ನು ನೋಡುವುದೇ ತಪ್ಪು ಎನ್ನುತ್ತಾಳೆ. ಮುಗ್ಧೆಯೊಬ್ಬಳಿಗಾದ ದ್ರೋಹವನ್ನು ಕಥೆಯಲ್ಲಿ ತೋರಿಸಿದ ಮಾತ್ರಕ್ಕೆ ನಿರ್ದೇಶಕ ಅಪರಾಧಿಯಾಗುತ್ತಾನೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಕಥೆಯೊಳಗಿನ ದ್ರೋಹ ಬೇರೆ, ಕ್ಯಾಮೆರಾದ ಈಚೆ ನಡೆದ ದ್ರೋಹ ಬೇರೆ. ನಿಮ್ಮ ಮಗಳ ಆಕ್ಷೇಪ ಎರಡನೆಯದರ ಮೇಲೆ ಎಂದು ನನ್ನ ಊಹೆ.

1972ರಲ್ಲಿ ತೆರೆಕಂಡ ಈ ಚಿತ್ರದ ಚಿತ್ರೀಕರಣದ ಹೊತ್ತಿಗೆ ನಾಯಕಿ ಮರಿಯಾ ಶ್ನೈಡರ್‌ಗೆ 19 ವರ್ಷ. ಎದುರಿಗಿದ್ದ ಮಾರ್ಲನ್ ಬ್ರ್ಯಾಂಡೊ ಐವತ್ತರ ಹತ್ತಿರದ, ಜಗತ್ತೇ ಬಲ್ಲ ನಟ. ಚಿತ್ರದಲ್ಲಿ ಬಲಾತ್ಕಾರದ ದೃಶ್ಯವೊಂದಿದ್ದು, ಅದರಲ್ಲಿ ಬೆಣ್ಣೆಯನ್ನು ಬಳಸುವ ಯೋಚನೆ ನಿರ್ದೇಶಕರಿಗೂ ಬ್ರ್ಯಾಂಡೊಗೂ ಹೊಳೆದದ್ದು ಅದನ್ನು ಚಿತ್ರೀಕರಿಸುವ ದಿನ ಬೆಳಿಗ್ಗೆ, ತಿಂಡಿಯ ಹೊತ್ತಿನಲ್ಲಿ. ಅದನ್ನು ಅವರು ಆಕೆಗೆ ಹೇಳಲಿಲ್ಲ. ಇದು ಗಾಳಿಮಾತಲ್ಲ, ತಮಗೆ ಬೇಕಾಗಿದ್ದುದು ನಟಿಯ ಪ್ರತಿಕ್ರಿಯೆಯಲ್ಲ, ಹುಡುಗಿಯ ಪ್ರತಿಕ್ರಿಯೆ ಎಂದೂ, ಅಪರಾಧಿಭಾವ ಕಾಡಿದರೂ ಪಶ್ಚಾತ್ತಾಪವಿಲ್ಲವೆಂದೂ 2013ರ ಸಂದರ್ಶನವೊಂದರಲ್ಲಿ ಬೆರ್ತೊಲುಚಿಯವರೇ ಹೇಳಿದರು. (ಆ ಎರಡರ ನಡುವೆ ಅವರು ಎಳೆದ ಗೆರೆ ನನ್ನ ಕಣ್ಣಿಗಂತೂ ಕಾಣುತ್ತಿಲ್ಲ.)

2016ರಲ್ಲಿ ಆ ಸಂದರ್ಶನ ಮತ್ತೆ ಹರಿದಾಡಿದಾಗ, ತೆರೆಯ ಮೇಲಿನ ಬಲಾತ್ಕಾರವೇ ನಿಜವಾಗಿ ನಡೆಯಿತೆಂದು ಕೆಲವರು ಬರೆದರು. ಅದು ತಪ್ಪು. ಬ್ರ್ಯಾಂಡೊ ಮಾಡಿದ್ದು ಅಭಿನಯವೆಂದು ಶ್ನೈಡರ್ ತಾವೇ 2007ರಲ್ಲಿ ಹೇಳಿದ್ದರು; ಆದರೆ ತೆರೆಯ ಮೇಲಿನ ತಮ್ಮ ಕಣ್ಣೀರು ನಿಜವಾದದ್ದೆಂದೂ, ಇಬ್ಬರೂ ಸೇರಿ ತಮ್ಮ ಮೇಲೆ ಒಂದಿಷ್ಟು ಅತ್ಯಾಚಾರವನ್ನೇ ಎಸಗಿದಂತೆ ಅನ್ನಿಸಿತೆಂದೂ ಸೇರಿಸಿದ್ದರು. ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಬಲವಂತವಾಗಿ ಮಾಡಿಸುವಂತಿಲ್ಲ, ತಾನು ಏಜೆಂಟರನ್ನೋ ವಕೀಲರನ್ನೋ ಕರೆಸಬೇಕಿತ್ತು, ಆಗ ಅದು ತಿಳಿದಿರಲಿಲ್ಲ ಎಂಬ ಅವರ ಮಾತು ನನಗೆ ಮುಖ್ಯವೆನಿಸುತ್ತದೆ. ಶೃಂಗಾರ ಚಿತ್ರಗಳು ಹೆಣ್ಣಿನ ಮುಗ್ಧತೆಯನ್ನು ಅವಳ ದೇಹದಲ್ಲಿ ಹುಡುಕುತ್ತವೆ. ಶ್ನೈಡರ್ ಅವರ ಮುಗ್ಧತೆ ಇದ್ದದ್ದು ಕರಾರಿನಲ್ಲಿ, ಒಪ್ಪಿಕೊಂಡದ್ದನ್ನಷ್ಟೇ ಹಿರಿಯರು ತನ್ನಿಂದ ಮಾಡಿಸುತ್ತಾರೆಂಬ ನಂಬಿಕೆಯಲ್ಲಿ.

ಇಟಲಿಯ ನ್ಯಾಯಾಲಯ 1976ರಲ್ಲಿ ಚಿತ್ರದ ಪ್ರತಿಗಳನ್ನು ನಾಶಮಾಡಲು ಆದೇಶಿಸಿತು. ನಿರ್ದೇಶಕರು ಐದು ವರ್ಷ ಮತದಾನದ ಹಕ್ಕನ್ನೂ ಕಳೆದುಕೊಂಡರು. ಆದರೆ ಆ ಮೊಕದ್ದಮೆ ಅಶ್ಲೀಲತೆಯದು. ನೋಡುಗರ ಶೀಲ ಕಾಯಲು ಹೊರಟ ಕಾನೂನಿಗೆ ನಟಿಯ ಒಪ್ಪಿಗೆಯ ನೆನಪೇ ಇರಲಿಲ್ಲ.

ಮೋಸವಿಲ್ಲದೆ ಅಂಥ ಸತ್ಯ ತೆರೆಗೆ ಬರುತ್ತಿರಲಿಲ್ಲವೆಂಬ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ. 1975ರಲ್ಲಿ ಇಟಲಿಯ ಇನ್ನೊಬ್ಬ ನಿರ್ದೇಶಕ ಆಂಟೊನಿಯೋನಿಯವರ ‘ದಿ ಪ್ಯಾಸೆಂಜರ್’ ಚಿತ್ರದಲ್ಲಿ ಶ್ನೈಡರ್ ಅವರನ್ನು ನೋಡಿದವರಿಗೆ, ಆಕೆಗೆ ನಟಿಸಲು ಬರುತ್ತಿತ್ತೆಂಬುದರಲ್ಲಿ ಸಂಶಯ ಉಳಿಯದು. ಅಭಿನಯಕ್ಕೆ ಅವಕಾಶವನ್ನೇ ಕೊಡದೆ ಆಕೆಯ ದಿಗಿಲನ್ನು ಸೆರೆಹಿಡಿದದ್ದನ್ನು ನಿರ್ದೇಶನದ ಕೌಶಲವೆಂದು ಹೇಗೆ ಕರೆಯುವುದು?

ಹಾಗೆಂದು ಚಿತ್ರವನ್ನು ನೋಡಲೇಬಾರದು ಎನ್ನಲಾರೆ. ಈ ವಿಷಯದಲ್ಲಿ ನಿಮ್ಮ ಮಗಳಿಗಿಂತ ನಾನು ತುಸು ಮೆದು. ನೋಡುವುದಿದ್ದರೆ ಶ್ನೈಡರ್ ಅವರ ಆ ಮಾತುಗಳನ್ನು ತಿಳಿದು ನೋಡಿ. ಆ ದೃಶ್ಯದ ಕಣ್ಣೀರನ್ನು ಮಾತ್ರ ನಟನೆಯೆಂದು ಹೊಗಳಬೇಡಿ.