ಹುಣಸೆಹುಳಿ ಡಬ್ಬದಲ್ಲಿದ್ದ ಮಾತ್ರೆ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಮಲ್ಪೆ ಕಡೆಯ ತಾಯಿ. ಗಂಡ ದುಬೈಯಲ್ಲಿ. ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಉಡುಪಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದವರು ಕೂತ ಕೂಡಲೇ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಹುಣಸೆಹುಳಿ ವಾಸನೆ. ಒಳಗಿದ್ದದ್ದು ಮಾತ್ರ ಮಾತ್ರೆಯ ಸ್ಟ್ರಿಪ್‌ಗಳು.

"ಎರಡು ತಿಂಗಳಿಂದ ಕೊಡ್ಲಿಲ್ಲ ಮೇಡಂ. ಡಾಕ್ಟ್ರಿಗೂ ಹೇಳ್ಲಿಲ್ಲ."

ಹುಡುಗನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆ. ಎಂಟನೇ ವಯಸ್ಸಿನಿಂದ ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಈ ಔಷಧಿ ಮಾದಕ ವಸ್ತುಗಳ ಕಾನೂನಿನ ಪಟ್ಟಿಯಲ್ಲಿದೆ ಎಂದು ತಾಯಿ ಮೊಬೈಲಿನಲ್ಲಿ ಓದಿದ್ದರು. ಅದು ನಿಜವೇ, 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಗಾಬರಿಯಾಗಿ ನಿಲ್ಲಿಸಿಬಿಟ್ಟರು. ಆಮೇಲೊಂದು ದಿನ ಯೂನಿಫಾರ್ಮ್ ಒಗೆಯುವಾಗ ಕಿಸೆಯಲ್ಲಿ ಸಿಗರೇಟು ಸಿಕ್ಕಿತು. "ಏಳು ವರ್ಷ ನಾನೇ ಕೈಯಾರೆ ಕೊಟ್ಟೆ. ಅದರಿಂದಲೇ ಚಟ ಹತ್ತಿತಾ? ಇವನ ಚಿಕ್ಕಪ್ಪ ಕುಡಿದು ಕುಡಿದೇ ಹೋದದ್ದು" ಎಂದು ಅತ್ತರು.

ಇದನ್ನು ಸುಮ್ನೆ ಮೂಢ ಭಯ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಒಂದು ಸಾವು ನೋಡಿದವರು ಅವರು.

ಹುಡುಗನ ಜೊತೆ ಬೇರೆಯಾಗಿ ಮಾತಾಡಿದೆ. "ಮಾತ್ರೆ ಇಲ್ಲದಿದ್ರೆ ನಾನು ಅರ್ಧ ಬರೆಯುವಷ್ಟರಲ್ಲಿ ಸರ್ ಬೋರ್ಡ್ ಒರೆಸಿ ಆಗಿರ್ತದೆ. ಸಿಗರೇಟು ಸೇದಿದ್ರೆ ಸ್ವಲ್ಪ ಹೊತ್ತು ತಲೆ ನಿಲ್ತದೆ" ಅಂದ. ಶುರು ಮಾಡಿದ್ದು ಯಾವಾಗ ಎಂದು ಕೇಳಿದೆ. ಹೋದ ತಿಂಗಳು, ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ. ಮಾತ್ರೆ ನಿಲ್ಲಿಸಿದ ಮೇಲೆ, ಅಲ್ವಾ? ಹಾಗಂತ ನಿಲ್ಲಿಸಿದ್ದೇ ಕಾರಣ ಎಂದು ನಾನು ತಾಯಿಗೆ ಹೇಳಲಿಲ್ಲ. ಒಬ್ಬ ಹುಡುಗನನ್ನು ನೋಡಿ ಅಷ್ಟು ಹೇಳಲು ಬರುವುದಿಲ್ಲ. ಅವರ ಮೇಲೆ ಇನ್ನೊಂದು ಅಪರಾಧ ಹೊರಿಸುವುದೂ ಬೇಡವಿತ್ತು.

ಹೇಳಿದ್ದು ಇಷ್ಟು. ಈ ಪ್ರಶ್ನೆಯನ್ನು ಸಂಶೋಧಕರು ವರ್ಷಗಟ್ಟಲೆ ಕೆದಕಿದ್ದಾರೆ. 2013ರಲ್ಲಿ 15 ಅಧ್ಯಯನಗಳನ್ನು, 2,500ಕ್ಕೂ ಜಾಸ್ತಿ ಮಂದಿಯ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಚಿಕ್ಕಂದಿನಲ್ಲಿ ಈ ಬಗೆಯ ಮಾತ್ರೆ ತೆಗೆದುಕೊಂಡವರಲ್ಲಿ ಮುಂದೆ ಕುಡಿತ, ಸಿಗರೇಟು, ಗಾಂಜಾ ಹೆಚ್ಚಿರಲಿಲ್ಲ. ಕಡಿಮೆಯೂ ಇರಲಿಲ್ಲ. 2014ರ ಸ್ವೀಡನ್ ಅಧ್ಯಯನದಲ್ಲಿ ಮಾತ್ರೆ ಪಡೆದವರಲ್ಲಿ ವ್ಯಸನದ ಪ್ರಮಾಣ 31% ಕಡಿಮೆ ಕಂಡಿತು. ಒಂದು ಕಡೆ ವ್ಯತ್ಯಾಸವಿಲ್ಲ, ಇನ್ನೊಂದು ಕಡೆ ಕಡಿಮೆ. ಹಾಗಾಗಿ ಮಾತ್ರೆ ಕೊಟ್ಟಿದ್ದೇವೆ, ಇನ್ನು ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. ಅಪಾಯ ಜಾಸ್ತಿ ಮಾಡುವುದು ಎಡಿಎಚ್‌ಡಿಯೇ. ಮುಂದಾಲೋಚನೆ ಇಲ್ಲದೆ ನುಗ್ಗುವ ಸ್ವಭಾವ, ಶಾಲೆಯಲ್ಲಿ ದಿನಾ ತಿನ್ನುವ ಬೈಗುಳ, ಅದರ ಮೇಲೆ ಮನೆತನದಲ್ಲಿರುವ ಕುಡಿತ. ಕಾವಲು ಬೇಕಾದದ್ದು ಅಲ್ಲಿ.

"ಮತ್ತೆ ಕಾನೂನು?" ಎಂದು ಕೇಳಿದರು. ಇದೇ ಮಾತ್ರೆಯನ್ನು ಪುಡಿಮಾಡಿ ಮೂಗಿಗೆ ಏರಿಸುವವರಿದ್ದಾರೆ, ಆಗ ಅಮಲು ಬರುತ್ತದೆ. ವೈದ್ಯರು ಹೇಳಿದಷ್ಟು ನುಂಗಿದರೆ ಮಿದುಳಿಗೆ ನಿಧಾನಕ್ಕೆ ಸೇರುತ್ತದೆ. ಅಮಲಿಗೆ ಬಳಸುವವರು ಇರುವುದರಿಂದಲೇ ಆ ಕಟ್ಟುನಿಟ್ಟು.

ಅದೇ ವಾರ ಮನೋವೈದ್ಯರ ಹತ್ತಿರ ಹೋಗಿ, ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ ಎಂದೆ. ಮತ್ತೆ ಶುರು ಮಾಡುವುದೋ, ಎಷ್ಟು ಕೊಡುವುದೋ, ಅಟೊಮಾಕ್ಸೆಟೀನ್‌ನಂಥ ಬೇರೆ ಔಷಧಿಯೋ, ಅದು ಅವರ ತೀರ್ಮಾನ. ಸಿಗರೇಟಿನ ವಿಷಯವೂ, ಚಿಕ್ಕಪ್ಪನ ವಿಷಯವೂ ಅವರಿಗೆ ಗೊತ್ತಾಗಬೇಕು. ತೂಕ, ಎತ್ತರ, ಬಿಪಿ ಆಗಾಗ ನೋಡಿಸಿ. ಮಾತ್ರೆ ನಿಮ್ಮ ಕೈಯಲ್ಲೇ ಇರಲಿ, ಎಣಿಸಿ ಕೊಡಿ, ನಿಮ್ಮೆದುರೇ ನುಂಗಲಿ. ಪರೀಕ್ಷೆ ಹೊತ್ತಿಗೆ ಗೆಳೆಯರು "ಒಂದು ಕೊಡಾ" ಅಂತ ಕೇಳಿದರೆ ಏನು ಹೇಳಬೇಕೆಂದು ಹುಡುಗನಿಗೆ ಈಗಲೇ ಕಲಿಸಿ. ಸಿಗರೇಟಿನ ಬಗ್ಗೆ ಹೊಡೆತ ಬೇಡ, ಮಾತು ಇರಲಿ. ತಂದೆಗೆ ಫೋನಿನಲ್ಲೇ ಹೇಳಿದೆ: ವಾರದ ಕರೆಯಲ್ಲಿ ಅಂಕ ಬಿಟ್ಟು ಬೇರೆ ಏನಾದರೂ ಒಂದು ಕೇಳಿ.

ಆರು ವಾರ ಬಿಟ್ಟು ಇಬ್ಬರೂ ಬಂದರು. ವೈದ್ಯರು ಮಾತ್ರೆ ಮತ್ತೆ ಶುರು ಮಾಡಿಸಿದ್ದರು. "ಸಿಗರೇಟು?" ಎಂದು ಕೇಳಿದೆ. "ಈ ವಾರ ಎರಡು" ಅಂದ, ಅಮ್ಮನ ಎದುರೇ. ಅಮ್ಮನ ಕಣ್ಣು ತುಂಬಿತು. ಆದರೂ "ಮೊನ್ನೆವರೆಗೆ ದಿನಕ್ಕೆ ಎರಡಿತ್ತು ಮೇಡಂ" ಎಂದು ಮಗನ ಪರವಾಗಿ ಅವರೇ ಹೇಳಿದರು. ಮುಂದಿನ ಭೇಟಿ ಪಿಯುಸಿ ಸೇರುವ ಮೊದಲು ಎಂದು ಬರೆದುಕೊಂಡೆವು.