ಬೆಲಾರುಸ್‌ನ ಆಂದ್ರೇ ಸಾನ್ನಿಕೋವ್ ರಾಜತಾಂತ್ರಿಕರೋ, ವಿರೋಧ ಪಕ್ಷದ ನಾಯಕರೋ?

ಎರಡೂ ಹೌದು, ಒಂದಾದ ಮೇಲೊಂದು. ಸೋವಿಯತ್ ಒಕ್ಕೂಟ ಒಡೆದಾಗ ಬೆಲಾರುಸ್ ನೆಲದಲ್ಲಿ ಅಣ್ವಸ್ತ್ರ ಕ್ಷಿಪಣಿಗಳು ಉಳಿದಿದ್ದವು. ಆ ಕಾಲದ ನಿಶ್ಶಸ್ತ್ರೀಕರಣ ಮಾತುಕತೆಗಳಲ್ಲಿ ದೇಶದ ನಿಯೋಗದ ನೇತೃತ್ವ ವಹಿಸಿದ್ದವರು ಇವರೇ. 1995ರಲ್ಲಿ ವಿದೇಶಾಂಗ ಉಪಸಚಿವರಾದರು. ಮರುವರ್ಷ ಅಧ್ಯಕ್ಷ ಲುಕಶೆಂಕೊ ಜನಮತಗಣನೆ ನಡೆಸಿ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಳ್ಳಲು ಹೊರಟಾಗ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಕುರ್ಚಿ ಬಿಟ್ಟು ಹೋದ ಇಂಥವರು ಅಲ್ಲಿ ಕಡಿಮೆಯೇ. ಆಮೇಲೆ ಪ್ರಜಾಪ್ರಭುತ್ವ, ಮಾನವ ಹಕ್ಕುಗಳಿಗಾಗಿ ‘ಚಾರ್ಟರ್ 97’ ಚಳವಳಿ ಕಟ್ಟಿದವರಲ್ಲಿ ಒಬ್ಬರಾದರು.

2010ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತರು. ಸರ್ಕಾರಿ ಲೆಕ್ಕದಲ್ಲಿ ಸಿಕ್ಕಿದ್ದು ಶೇ. 2.43 ಮತ, ಅದೂ ಎರಡನೇ ಸ್ಥಾನ! ಡಿಸೆಂಬರ್ 19ರ ರಾತ್ರಿ ರಾಜಧಾನಿ ಮಿನ್ಸ್ಕ್‌ನ ಪ್ರತಿಭಟನೆಯಲ್ಲಿ ಪೊಲೀಸರು ಹೊಡೆದು ಬಂಧಿಸಿದರು. ಐದು ವರ್ಷ ಶಿಕ್ಷೆಯಾಯಿತು. 2012ರ ಏಪ್ರಿಲ್‌ನಲ್ಲಿ ಕ್ಷಮಾದಾನ ಸಿಕ್ಕಿತು; ಅದೇ ವರ್ಷ ಬ್ರಿಟನ್‌ನಲ್ಲಿ ಆಶ್ರಯ ಪಡೆದರು.