60 ಜನರ ಮದುವೆ, 600 ಜನರ ಮುನಿಸು

ಬೆಂಗಳೂರಿನ ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ಹತ್ತಿರದ 60 ಜನರ ಮುಂದೆ ಮದುವೆ ಆಗಬೇಕು ಅಂತ ನಾನೂ ನನ್ನ ಹುಡುಗನೂ ತೀರ್ಮಾನ ಮಾಡಿದ್ದೇವೆ. ಅವರ ಮನೆ ಶಿವಮೊಗ್ಗ. ಅವರ ಕಡೆ ಒಪ್ಪಿಗೆ ಇದೆ. ನಮ್ಮಪ್ಪ ಮಾತ್ರ 600 ಜನರ ಪಟ್ಟಿ ಹಿಡಿದು ಕೂತಿದ್ದಾರೆ. 'ಎಲ್ಲರ ಮನೆ ಮದುವೆಯಲ್ಲೂ ಉಂಡು ಬಂದಿದ್ದೇನೆ, ಈಗ ಕರೆಯದಿದ್ದರೆ ಮುಖ ಎಲ್ಲಿಟ್ಟುಕೊಳ್ಳಲಿ' ಅನ್ನುತ್ತಾರೆ. ಅಪ್ಪನಿಗೆ ನಾಲ್ವರು ಒಡಹುಟ್ಟಿದವರು, ಅಮ್ಮನಿಗೆ ಮೂವರು. ಮದುವೆ ಎಲ್ಲಿ, ಹೇಗೆ ಮಾಡುವುದು? ಕರೆಯದವರಿಗೆ ಏನು ಹೇಳುವುದು? ಫೋಟೋ ಸ್ಟೇಟಸ್‌ಗೆ ಹಾಕಬಹುದಾ?"

ಜಾಗ, ಊಟ ಎಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ಕಷ್ಟ ಇರುವುದು ಆ 600 ಜನರ ಪಟ್ಟಿಯಲ್ಲಿ. ಹಾಗಾಗಿ ನಿಮ್ಮಪ್ಪನಿಂದಲೇ ಶುರು ಮಾಡೋಣ.

ಅವರದ್ದು ಬರೀ ಜಂಭ ಅಂತ ತಳ್ಳಿಹಾಕಬೇಡಿ. ಛತ್ರದ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯುತ್ತಾ ಕೂತಿರುತ್ತಾರಲ್ಲ, ಆ ಲೆಕ್ಕ ನಿಮ್ಮಪ್ಪನ ತಲೆಯಲ್ಲೂ ಇದೆ. ಯಾರ ಮನೆಯಲ್ಲಿ ಉಂಡೆ, ಯಾರಿಗೆ ತಿರುಗಿ ಉಣಬಡಿಸಬೇಕು ಅನ್ನುವ ಲೆಕ್ಕ ಅದು. ಅವರ ಪ್ರಕಾರ ನಿಮ್ಮ ಮದುವೆ ಆ ಋಣ ತೀರಿಸುವ ದಿನ. ನೀವು ಆ ದಿನವನ್ನೇ ಕಿತ್ತುಕೊಳ್ಳುತ್ತಿದ್ದೀರಿ. "ದುಡ್ಡು ಉಳಿಯುತ್ತೆ ಅಪ್ಪಾ" ಅಂದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಬೇರೆ ದಾರಿ ತೋರಿಸಬೇಕು.

ಬೆಂಗಳೂರಿನಲ್ಲಿ ಈಗ ಮಾಮೂಲಿಯಾದ ದಾರಿ ಒಂದಿದೆ: ಮುಹೂರ್ತ ಚಿಕ್ಕದು, ಆರತಕ್ಷತೆ ದೊಡ್ಡದು. ನನಗೆ ಇದು ಇಷ್ಟವಿಲ್ಲ. ಛತ್ರದ ಬಾಡಿಗೆ, ವೇದಿಕೆಯ ಹೂವು, ಬಫೆ, ಖರ್ಚೆಲ್ಲ ಅಲ್ಲೇ ಆಗುತ್ತದೆ. ನೀವಿಬ್ಬರು ಭಾರದ ಬಟ್ಟೆ ತೊಟ್ಟು ಗಂಟೆಗಟ್ಟಲೆ ನಿಂತು, ಸಾಲಿನಲ್ಲಿ ಬಂದವರ ಜೊತೆ ಫೋಟೋಗೆ ನಗಬೇಕು. ಯಾವುದು ಬೇಡ ಅಂದಿದ್ದಿರೋ ಅದೇ ಸಂಜೆ ಹೊತ್ತಿಗೆ ಬಂದು ನಿಲ್ಲುತ್ತದೆ.

ಅದರ ಬದಲು, ಮದುವೆ ಆದ ಮೇಲೆ ಭಾನುವಾರ ಭಾನುವಾರ ಹತ್ತು ಹನ್ನೆರಡು ಜನರನ್ನು ಮನೆಗೆ ಊಟಕ್ಕೆ ಕರೆಯಿರಿ. ಅಪ್ಪನ ಆಫೀಸಿನವರು ಒಂದು ವಾರ, ವಾಕಿಂಗ್ ಗೆಳೆಯರು ಇನ್ನೊಂದು ವಾರ. ನೀವಿಬ್ಬರು ಕಡ್ಡಾಯವಾಗಿ ಅಲ್ಲಿರಬೇಕು, ಬಡಿಸಬೇಕು. 600 ಜನರನ್ನೂ ಹೀಗೆ ಕರೆಯಲಾಗುವುದಿಲ್ಲ ನಿಜ. ಆದರೆ ಅಪ್ಪನನ್ನೇ ಕೂರಿಸಿಕೊಂಡು ಪಟ್ಟಿ ಓದಿಸಿ. ನಿಜವಾಗಿ ಬೇಜಾರು ಮಾಡಿಕೊಳ್ಳುವವರು ಯಾರು ಅಂತ ಕೇಳಿ. ಪಟ್ಟಿ ತಾನಾಗಿಯೇ ಕರಗುತ್ತದೆ. ಮುಯ್ಯಿ ಮಾತ್ರ ಮುಟ್ಟಬೇಡಿ. "ಆಶೀರ್ವಾದವೇ ಉಡುಗೊರೆ" ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಕವರ್ ಜೇಬಿಗಿಳಿಸುವವರು ಬೇಕಾದಷ್ಟು ಜನ ಇದ್ದಾರೆ. ನೀವು ಆ ಸಾಲಿಗೆ ಸೇರಬೇಡಿ.

ಈಗ ಯಾರನ್ನು ಕರೆಯುವುದು ಅಂತ ನೋಡೋಣ. 2020ರಲ್ಲಿ ಲಾಕ್‌ಡೌನ್ ಸಡಿಲವಾದಾಗ ಮದುವೆಗೆ 50 ಜನ ಅಂತ ಸರ್ಕಾರವೇ ಮಿತಿ ಹಾಕಿತ್ತು. ಆಗ ಕರೆಯಲಿಲ್ಲ ಅಂತ ಮುನಿಸಿಕೊಂಡವರು ಕಡಿಮೆ. ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಅಷ್ಟೇ. ನೀವೂ ಹಾಗೇ ಮಾಡಿ. ಸಂಬಂಧದಲ್ಲಿ ಒಂದು ಗೆರೆ ಎಳೆಯಿರಿ: ಅಪ್ಪ ಅಮ್ಮನ ಒಡಹುಟ್ಟಿದವರು, ಅವರ ಮಕ್ಕಳು ಮೊಮ್ಮಕ್ಕಳು, ಅಲ್ಲಿಗೆ ಮುಗಿಯಿತು. ಅಪ್ಪನ ಸೋದರತ್ತೆಯ ಮಕ್ಕಳಲ್ಲಿ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟಿರೋ, ಮುಂದಿನ ಇಪ್ಪತ್ತು ವರ್ಷ ಅದೇ ಮಾತು.

ಆದರೆ ಈ ಗೆರೆ ಎಳೆದರೆ ನಿಮ್ಮ 60 ನಿಲ್ಲುವುದಿಲ್ಲ. ಒಡಹುಟ್ಟಿದವರು ಏಳು ಜನ, ದಂಪತಿ ಲೆಕ್ಕದಲ್ಲಿ 14. ಅವರ ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು ಸೇರಿದರೆ 30 ದಾಟುತ್ತದೆ. ಹುಡುಗನ ಕಡೆಯೂ ಅಷ್ಟೇ ಅಂದುಕೊಳ್ಳಿ, 60 ಅಲ್ಲಿಗೇ ಮುಗಿಯಿತು. ಗೆಳತಿಯರು ಎಲ್ಲಿ ಕೂರುತ್ತಾರೆ? ಪಕ್ಕದ ಮನೆ ಆಂಟಿ? 85, 90ಕ್ಕೆ ಒಪ್ಪಿಕೊಳ್ಳಿ. 60 ಅನ್ನುವುದು ನೀವೇ ಇಟ್ಟುಕೊಂಡ ಸಂಖ್ಯೆ, ಅದಕ್ಕಾಗಿ ಚಿಕ್ಕಮ್ಮನ ಮಗನನ್ನು ಬಿಡಬೇಕಾಗಿಲ್ಲ.

ಅಡುಗೆಯವರ ದೃಷ್ಟಿಯಿಂದಲೂ ಇದು ಒಳ್ಳೆಯದು. ಎಲೆ ಲೆಕ್ಕದಲ್ಲಿ ಮಾತಾಡುವವರು 60 ಎಲೆ ಅಂದರೆ ಮುಖ ಸಿಂಡರಿಸುತ್ತಾರೆ, ಇಲ್ಲವೇ ಎಲೆಯ ರೇಟು ಏರಿಸುತ್ತಾರೆ. ಅವರದ್ದೂ ತಪ್ಪಲ್ಲ. ಭಟ್ಟರು, ಬಡಿಸುವವರು, ಪಾತ್ರೆ ತರುವ ವ್ಯಾನು, ಎಷ್ಟು ಎಲೆಯಾದರೂ ಇವೆಲ್ಲ ಬೇಕೇ ಬೇಕು. ಪುರೋಹಿತರು, ವಾಲಗದವರು, ಫೋಟೋದವರು, ಡ್ರೈವರ್‌ಗಳು, ಇವರೆಲ್ಲರ ಎಲೆಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. 90 ಜನ ಅಂದರೆ 100 ಎಲೆ ಹೇಳಿ. ಖರ್ಚು ಎರಡೂ ಕಡೆಯವರು ಅರ್ಧರ್ಧ ಹಾಕಿಕೊಳ್ಳಿ. ಹೆಣ್ಣಿನ ಮನೆಯವರೇ ಎಲ್ಲ ಕೊಡಬೇಕು ಅನ್ನುವುದಾದರೆ ಮದುವೆ ಚಿಕ್ಕದಾಗಿ ಏನು ಬಂತು?

ಊಟದ ವಿಷಯದಲ್ಲಿ ನನ್ನದೊಂದು ಹಟ ಇದೆ: ಬಫೆ ಬೇಡ, ಪಂಕ್ತಿ ಇರಲಿ. ದೊಡ್ಡ ಮದುವೆಯಲ್ಲಿ ನಾವು ಪಾಯಸಕ್ಕೆ ಬರುವಷ್ಟರಲ್ಲಿ ಕುರ್ಚಿಯ ಬೆನ್ನು ಹಿಡಿದು ಮುಂದಿನವರು ನಿಂತಿರುತ್ತಾರೆ. ಅವರ ಉಸಿರು ನಮ್ಮ ಕತ್ತಿಗೆ ತಾಗುತ್ತಿರುತ್ತದೆ. 90 ಜನ ಅಂದರೆ ಎರಡೇ ಪಂಕ್ತಿ. ಎಲೆಗೆ ಉಪ್ಪು, ಕೋಸಂಬರಿ, ಪಲ್ಯ, ಗೊಜ್ಜು ಬೀಳುವುದನ್ನು ನಿಧಾನವಾಗಿ ನೋಡಬಹುದು. ಅನ್ನ ತೊವ್ವೆ ಬಂದಾಗ ನೀವಿಬ್ಬರೇ ತುಪ್ಪದ ಗಿಂಡಿ ಹಿಡಿದು ಬನ್ನಿ. ಹಲ್ಲಿಲ್ಲದ ಅಜ್ಜಿಗೆ ಅನ್ನ ಇನ್ನಷ್ಟು ಮೆತ್ತಗೆ ಕಲಸಿಕೊಡಿ. ಎರಡನೇ ಪಂಕ್ತಿಯಲ್ಲಿ ನೀವು ಗೆಳೆಯರ ಮಧ್ಯೆ ಕೂತು ಬಿಸಿಯಾಗಿ ಉಣ್ಣಬಹುದು. 600 ಜನರ ಮದುವೆಯಲ್ಲಿ ಗಂಡು ಹೆಣ್ಣಿಗೆ ಈ ಭಾಗ್ಯ ಎಲ್ಲಿಂದ?

ಜಾಗಕ್ಕೆ ಮೆಟ್ರೋ ಹಸಿರು ಮಾರ್ಗದ ಅಕ್ಕಪಕ್ಕ ನೋಡಿ. ಬೀಗರು ಶಿವಮೊಗ್ಗದಿಂದ ರೈಲಿನಲ್ಲಿ ಬಂದರೆ ಯಶವಂತಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿಯುತ್ತಾರೆ. ಎರಡೂ ಕಡೆ ಹಸಿರು ಮಾರ್ಗ ಇದೆ. ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ ನಿಲ್ದಾಣ, ಬಸವನಗುಡಿಗೆ ನ್ಯಾಷನಲ್ ಕಾಲೇಜು ನಿಲ್ದಾಣ. ಆ ಬಡಾವಣೆಗಳಲ್ಲಿ ದೇವಸ್ಥಾನಗಳಿಗೆ, ಮಠಗಳಿಗೆ ಸೇರಿದ ಚಿಕ್ಕ ಹಾಲ್‌ಗಳು ಸಿಗುತ್ತವೆ. ಊಟದ ಮನೆ ನೆಲಮಾಳಿಗೆಯಲ್ಲಿದ್ದರೆ ಲಿಫ್ಟ್ ಇದೆಯಾ ಕೇಳಿ. ಕರೆದ ಜನ ಕಡಿಮೆ, ರಜೆ ಹಾಕುವವರೂ ಕಡಿಮೆ. ಹಾಗಾಗಿ ವಾರದ ಮಧ್ಯದ ಮುಹೂರ್ತಕ್ಕೆ ಹೆದರಬೇಡಿ, ಬಾಡಿಗೆಯಲ್ಲಿ ಚೌಕಾಸಿಗೂ ಜಾಗ ಇರುತ್ತದೆ. ಮನೆ ಟೆರೇಸ್ ಮೇಲೆ ಶಾಮಿಯಾನ ಹಾಕಿಸುವ ಆಸೆ ಇದ್ದರೆ ಮೇ ತಿಂಗಳ ಸಂಜೆ ಮಳೆಯನ್ನೂ, ಮೊಣಕಾಲು ನೋವಿನ ದೊಡ್ಡಮ್ಮಂದಿರನ್ನೂ ಒಂದು ಸಲ ನೆನೆಸಿಕೊಳ್ಳಿ.

ಕಾನೂನಿನ ಮಾತು ಸ್ವಲ್ಪ. ಶಾಸ್ತ್ರ ಎಲ್ಲ ಬಿಟ್ಟು, ಬರೀ ಹಾರ ಬದಲಾಯಿಸಿ ಸರ್ಟಿಫಿಕೇಟ್ ಮಾಡಿಸಿದರೆ ಸಾಕು ಅಂದುಕೊಳ್ಳಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯಡಿ ಆಗುವ ಮದುವೆಗೆ ಎರಡರಲ್ಲಿ ಒಂದು ಕಡೆಯ ಸಂಪ್ರದಾಯದ ವಿಧಿಗಳಾದರೂ ನಡೆದಿರಬೇಕು. ಅವು ನಡೆಯದೆ ಬರೀ ನೋಂದಣಿಯಿಂದ ಮದುವೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪುರೋಹಿತರ ಹತ್ತಿರ ಮೊದಲೇ ಕೂತು ಯಾವುದು ಇರಲೇಬೇಕು, ಯಾವುದನ್ನು ಬಿಡಬಹುದು ಕೇಳಿಕೊಳ್ಳಿ. ಫೋಟೋಗಳನ್ನು ಜೋಪಾನ ಮಾಡಿ, ನೋಂದಣಿಗೆ ಬೇಕಾಗುತ್ತವೆ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು.

ಪುರೋಹಿತರೇ ಬೇಡ ಅನ್ನುವುದಾದರೆ ಕುವೆಂಪು ರೂಪಿಸಿದ ಸರಳ ಮದುವೆಯ ಕ್ರಮ, ಮಂತ್ರ ಮಾಂಗಲ್ಯ ಇದೆ. 1966ರಲ್ಲಿ ಅವರ ಮಗ ತೇಜಸ್ವಿ ಮದುವೆ ಆಗಿದ್ದು ಹಾಗೇ. ಶಿವಮೊಗ್ಗದ ಬೀಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. ಹಾಗೆ ಮಾಡಿದರೆ ಜೊತೆಗೆ ವಿಶೇಷ ವಿವಾಹ ಕಾಯ್ದೆಯಡಿಯೂ ಮದುವೆ ಮಾಡಿಸಿಕೊಳ್ಳಿ. ಅದಕ್ಕೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ಮೂವರು ಸಾಕ್ಷಿಗಳು ಬೇಕು. ದಿನಾಂಕ ಗಟ್ಟಿ ಮಾಡುವ ಮುಂಚೆ ಈ ಲೆಕ್ಕ ಹಾಕಿ.

ಕರೆಯದವರಿಗೆ ಏನು ಹೇಳುವುದು ಅಂದಿರಿ. ಮುಖ್ಯವಾದವರಿಗೆ ಮದುವೆಗೆ ಮುಂಚೆಯೇ ನಿಮ್ಮಪ್ಪ ಫೋನ್ ಮಾಡಲಿ: "ಮಗಳ ಮದುವೆ ಗೊತ್ತಾಗಿದೆ. ಮನೆ ಮಟ್ಟಿಗೆ ಮಾಡ್ತಿದ್ದೀವಿ. ಆಮೇಲೆ ಊಟಕ್ಕೆ ಕರೀತೀವಿ, ಬರಲೇಬೇಕು." ಇಷ್ಟು ಸಾಕು. ಹುಡುಗನ ಕಡೆಯವರು ಹಟ ಮಾಡಿದರು, ಛತ್ರ ಸಿಗಲಿಲ್ಲ ಅಂತೆಲ್ಲ ಕಥೆ ಕಟ್ಟಬೇಡಿ. ಕರೆದ 90 ಜನರ ಮನೆಗಳಿಗೆ ಮಾತ್ರ ಅರಿಶಿನ ಕುಂಕುಮ ಹಿಡಿದು ಖುದ್ದಾಗಿ ಹೋಗಿ. ಮನೆಗಳು ಇಪ್ಪತ್ತೈದು ಮೂವತ್ತು ಇರಬಹುದು, ಟ್ರಾಫಿಕ್ ಬೈದುಕೊಂಡೇ ಮುಗಿಸಬಹುದು.

ಫೋಟೋ ಸ್ಟೇಟಸ್‌ಗೆ ಹಾಕಿ, ಅಡ್ಡಿಯಿಲ್ಲ. ಆದರೆ ಅಪ್ಪನ ಫೋನುಗಳೆಲ್ಲ ಮುಗಿದವಾ ಅಂತ ಮೊದಲು ಕೇಳಿ. ಹೆಬ್ಬಾಳದಲ್ಲಿರುವ ಅವರ ಹಳೇ ಸಹೋದ್ಯೋಗಿಗೆ ನಿಮ್ಮ ಮದುವೆ ಸುದ್ದಿ ಸ್ಟೇಟಸ್‌ನಿಂದಲೇ ಗೊತ್ತಾದರೆ, ಭಾನುವಾರದ ಊಟಕ್ಕೆ ಎಷ್ಟು ಕರೆದರೂ ಅವರು ಬರುವುದಿಲ್ಲ.

— ಸಂ.